ಕಾವಲು ಹುಳು

ಹುಳು ಸುಳ್ಳು ಹೇಳುವುದಿಲ್ಲ ಎಂಬ ಮಾತನ್ನು ನಾನು ಎಷ್ಟು ಸಭೆಗಳಲ್ಲಿ ಹೇಳಿದ್ದೇನೋ ನನಗೇ ನೆನಪಿಲ್ಲ. ಮಂತ್ರಿಗಳ ಎದುರು ಹೇಳಿದ್ದೇನೆ, ಹೊರದೇಶದ ತಜ್ಞರ ಎದುರು ಹೇಳಿದ್ದೇನೆ, ಒಮ್ಮೆ ತಂಗಿಯ ಮಗಳ ನಾಮಕರಣದಲ್ಲಿ ಪಾಯಸ ಬಡಿಸುತ್ತಿದ್ದವರ ಎದುರೂ ಹೇಳಿ ಬೈಸಿಕೊಂಡಿದ್ದೇನೆ. ಮಾತೇನೋ ನಿಜ. ಹುಳು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದವಳು ನಾನು, ಅದೂ ಒಂದೇ ಒಂದು ಸಲ. ನನ್ನ ಹತ್ತೊಂಬತ್ತು ವರ್ಷದ ಕೆಲಸದಲ್ಲಿ ಯಾರಿಗಾದರೂ ಉಪಕಾರವಾಗಿದ್ದರೆ ಅದು ಆ ಸುಳ್ಳಿನಿಂದ.

ನನ್ನ ಹೆಸರು ವಾರಿಜಾ. ಬೆಂಗಳೂರಿನ ಹೊರವಲಯದ ಒಂದು ಸಂಶೋಧನಾ ಕೇಂದ್ರದಲ್ಲಿ ರೇಷ್ಮೆ ಹುಳುವಿನ ಮೇಲೆ ಕೆಲಸ ಮಾಡುತ್ತಿದ್ದೆ. ಅಪ್ಪ ಅಂಚೆ ಇಲಾಖೆಯವರು. ನಮ್ಮ ವಂಶದಲ್ಲಿ ಹುಳು ಸಾಕಿದವರು ಯಾರೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಆದದ್ದಕ್ಕೆಲ್ಲ ಅದೇ ಮೂಲ.

ಕೋಲಾರದ ಕಡೆ ಟೊಮೆಟೊ ಬೆಳೆಯುವವರಿಗೂ ರೇಷ್ಮೆ ಸಾಕುವವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಟೊಮೆಟೊಗೆ ಹೊಡೆದ ಔಷಧಿ ಗಾಳಿಗೆ ತೂರಿ ಪಕ್ಕದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರುತ್ತದೆ. ಆ ಸೊಪ್ಪು ತಿಂದ ಹುಳುಗಳು ತಟ್ಟೆಗಟ್ಟಲೆ ಸಾಯುತ್ತವೆ. ಬದುವಿನ ಮೇಲೆ ನಿಂತು ಒಬ್ಬರನ್ನೊಬ್ಬರು ಬೈಯದ ವಾರವೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ‘ನಲವತ್ತು’ ಎಂಬ ಹೊಸ ಔಷಧಿ ಬಂತು. ಡಬ್ಬದ ಮೇಲೆ ಏನೋ ಉದ್ದದ ಹೆಸರಿತ್ತು, ಕೊನೆಯಲ್ಲಿ ನಲವತ್ತು ಎಂಬ ಅಂಕಿ ಇತ್ತು, ಜನ ಅಂಕಿಯನ್ನೇ ಉಳಿಸಿಕೊಂಡರು. ಕಾಯಿ ಕೊರೆಯುವ ಕೀಟ ಸಾಯುತ್ತದೆ, ರೇಷ್ಮೆ ಹುಳು ಸಾಯುವುದಿಲ್ಲ. ಬದುವಿನ ಜಗಳ ನಿಂತಿತು. ಎರಡೇ ವರ್ಷದಲ್ಲಿ ಮುನ್ನೂರ ಹನ್ನೆರಡು ಹಳ್ಳಿಗಳು ನಲವತ್ತನ್ನೇ ಹೊಡೆಯತೊಡಗಿದವು.

ಮನುಷ್ಯರನ್ನು ಅದು ನಿಧಾನವಾಗಿ ಹಿಡಿಯುತ್ತದೆ ಎಂದು ಆಮೇಲೆ ಗೊತ್ತಾಯಿತು. ಮೊದಲು ಬೆರಳು ನಡುಗುತ್ತದೆ. ನಂತರ ನಾಲಗೆ ತೊದಲುತ್ತದೆ. ಕೊನೆಗೆ ಉಸಿರೆಳೆಯುವ ಸ್ನಾಯುಗಳೇ ಸೋಲುತ್ತವೆ. ರಕ್ತ ಪರೀಕ್ಷೆಯಲ್ಲಿ ಅದು ಸಿಗುವುದಿಲ್ಲ, ನರಗಳಲ್ಲಿ ಅಡಗಿ ಕೂರುತ್ತದೆ. ಇದಕ್ಕೆ ಇಂಜೆಕ್ಷನ್ ಇದೆ, ಐದು ದಿನ ಕೊಡಬೇಕು. ಆದರೆ ವಿಷ ತಾಗದವರಿಗೆ ಅದನ್ನು ಕೊಟ್ಟರೆ ಹೃದಯ ನಿಲ್ಲಬಹುದು. ನಡುಕಕ್ಕೆ ನೂರು ಕಾರಣವಿರುವಾಗ ಯಾರಿಗೆ ಕೊಡಬೇಕು, ಯಾರಿಗೆ ಬಿಡಬೇಕು? ಆ ಪ್ರಶ್ನೆಗೆ ಉತ್ತರವಾಗಿ ನಾನು ಹುಳು ಮಾಡಿದೆ.

ಮಾಡಿದ್ದು ಇಷ್ಟೇ. ರೇಷ್ಮೆ ಹುಳುವಿನ ಒಂದು ವಂಶವಾಹಿಯನ್ನು ತಿದ್ದಿದೆ. ಅದು ತಿನ್ನುವ ಸೊಪ್ಪಿನಲ್ಲೋ ಮನೆಯ ಗಾಳಿಯಲ್ಲೋ ನಲವತ್ತಿನ ಸುಳಿವಿದ್ದರೆ ಒಂದೇ ದಿನದಲ್ಲಿ ಹುಳುವಿನ ಚರ್ಮ ನೀಲಿಗೆ ತಿರುಗುತ್ತದೆ. ಹುಳು ಸಾಯುವುದಿಲ್ಲ, ಗೂಡನ್ನೂ ಕಟ್ಟುತ್ತದೆ. ಇದಕ್ಕೆ ಕಾವಲು ಹುಳು ಎಂದು ಹೆಸರಿಟ್ಟೆವು. ಪ್ರತಿ ಬೆಳೆಗೂ ಮನೆಗೆ ಇನ್ನೂರು ಹುಳುಗಳ ಒಂದು ತಟ್ಟೆ ಕೊಟ್ಟೆವು. ಮನೆಯವರು ಪ್ರತಿ ಸೋಮವಾರ ಮೊಬೈಲಿನಲ್ಲಿ ತಟ್ಟೆಯ ಫೋಟೋ ತೆಗೆದು ಕಳಿಸಬೇಕು. ಮೂರು ಸೋಮವಾರ ಸತತವಾಗಿ ನೀಲಿ ಹುಳು ಕಂಡರೆ ನಮ್ಮ ಕಂಪ್ಯೂಟರ್ ಆ ಮನೆಯನ್ನು ನೀಲಿ ಎಂದು ಬರೆಯುತ್ತದೆ, ಇಲ್ಲದಿದ್ದರೆ ಹಸಿರು ಎಂದು. ನೀಲಿ ಮನೆಯವರು ಆಸ್ಪತ್ರೆಗೆ ಬಂದರೆ ಡಾಕ್ಟರಿಗೆ ಒಂದು ಸಂಖ್ಯೆ ಬರುತ್ತದೆ, ಆ ಸಂಖ್ಯೆ ಒತ್ತಿದರೆ ಮಾತ್ರ ಇಂಜೆಕ್ಷನ್ ಇರುವ ಕಪಾಟು ತೆರೆಯುತ್ತದೆ. ಮನೆ ಹಸಿರಾಗಿದ್ದರೆ ಕಪಾಟು ತೆರೆಯುವುದಿಲ್ಲ.

ಮೊದಲ ವರ್ಷ ಬೇರೆ ಜಿಲ್ಲೆಯ ಒಂದು ಹಳ್ಳಿಯಲ್ಲಿ ನೀಲಿ ಎಂದರೇನು ಅಂತ ಜನರಿಗೆ ಹೇಳಿದ್ದೆವು. ಅವರು ಇಂಜೆಕ್ಷನ್ ಕೈತಪ್ಪದಿರಲೆಂದು ಬಟ್ಟೆಗೆ ಹಾಕುವ ನೀಲಿಯಲ್ಲಿ ಹುಳು ಅದ್ದಿ ಫೋಟೋ ಕಳಿಸಿದರು. ಬೇಡದ ಇಂಜೆಕ್ಷನ್ ತೆಗೆದುಕೊಂಡು ಒಬ್ಬ ಮುದುಕ ತೀರಿಕೊಂಡ. ಅಲ್ಲಿಗೆ ನನಗೆ ಬುದ್ಧಿ ಬಂತು ಎಂದುಕೊಂಡೆ. ಮುಂದಿನ ಹಳ್ಳಿಗಳಲ್ಲಿ ನೀಲಿಯ ವಿಷಯವನ್ನೇ ಎತ್ತಲಿಲ್ಲ. ಮನೆ ಮನೆಗೆ ಹಂಚಿದ ಕರಪತ್ರದಲ್ಲಿ ನಾನೇ ಕೂತು ಬರೆದ ಸಾಲು ಒಂದೇ: ‘ಈ ಹುಳುಗಳನ್ನು ನಿಮ್ಮ ಸ್ವಂತ ಹುಳುಗಳಂತೆಯೇ ಮುತುವರ್ಜಿಯಿಂದ ನೋಡಿಕೊಳ್ಳಿ.’

*

ನಮ್ಮ ನಿಯಂತ್ರಣ ಕೊಠಡಿಯ ಗೋಡೆಯ ತುಂಬ ನಕ್ಷೆ. ಮುನ್ನೂರ ಹನ್ನೆರಡು ಹಳ್ಳಿಗಳು, ಮೂರು ವರ್ಷದಿಂದ ಹೆಚ್ಚುಕಡಿಮೆ ಎಲ್ಲವೂ ಹಸಿರು. ಆಂಧ್ರದ ಗಡಿಯ ಬಂಡಮೀದಪಲ್ಲಿಯಂತೂ ಎಲ್ಲರಿಗಿಂತ ಮೇಲು, ಒಂದೇ ಒಂದು ನೀಲಿ ಹುಳು ಇಲ್ಲ. ನಲವತ್ತು ನಿರಪಾಯಕಾರಿ ಎಂದು ಸರ್ಕಾರದ ಸಮಿತಿ ಷರಾ ಬರೆದದ್ದು ಆ ಊರಿನ ಅಂಕಿಗಳನ್ನು ಮುಂದಿಟ್ಟುಕೊಂಡೇ.

ಆ ಊರಿನ ತಾಲ್ಲೂಕು ಆಸ್ಪತ್ರೆಯ ಡಾಕ್ಟರ್ ಇಮ್ತಿಯಾಜ್ ಫೋನು ಮಾಡಿದಾಗ ನಾನು ಊಟದ ಡಬ್ಬಿ ತೆರೆಯುತ್ತಿದ್ದೆ. ಒಂದು ತಿಂಗಳಲ್ಲಿ ಅದು ಅವರ ಮೂರನೇ ಕರೆ.

“ಮೇಡಂ, ಅನಿತ ಅಂತ, ಇಪ್ಪತ್ನಾಲ್ಕು ವರ್ಷ. ಲೋಟ ಹಿಡಿಯೋಕೆ ಆಗ್ತಿಲ್ಲ, ಇವತ್ತಿಂದ ಮಾತೂ ತೊದಲ್ತಾ ಇದೆ. ಟೊಮೆಟೊ ಬಿಡಿಸೋಕೆ ಹೋಗೋ ಹುಡುಗಿ. ಇದು ನಲವತ್ತೇ, ನನಗೆ ಅನುಮಾನ ಇಲ್ಲ. ಸ್ಕ್ರೀನ್ ಮಾತ್ರ ಹಸಿರು ಅಂತಿದೆ.”

“ಹಸಿರು ಅಂದರೆ ಹಸಿರೇ ಡಾಕ್ಟ್ರೇ. ಥೈರಾಯಿಡ್ ನೋಡಿದಿರಾ?”

“ನೋಡ್ದೆ. ತಲೆ ಸ್ಕ್ಯಾನ್ ಮಾಡಿಸ್ದೆ. ಅವರ ಮನೆಯೋರು ದರ್ಗಾಕ್ಕೂ ಹೋಗಿ ತಾಯತ ಕಟ್ಟಿಸ್ಕೊಂಡು ಬಂದ್ರು. ಇನ್ನೇನು ಉಳಿದಿದೆ ಹೇಳಿ.”

“ಹುಳು ಸುಳ್ಳು ಹೇಳಲ್ಲ,” ಅಂದೆ.

“ಮೇಡಂ, ನೀವು ಒಂದ್ಸಲ ಬಂದು ಈ ಹುಡುಗಿ ಕೈ ಹಿಡ್ಕೊಂಡು ಅದೇ ಮಾತು ಹೇಳಿ. ಇನ್ನು ಐದಾರು ದಿನ, ಆಮೇಲೆ ಉಸಿರಿಗೆ ಬರುತ್ತೆ,” ಎಂದು ಫೋನ್ ಇಟ್ಟರು.

ನನಗೆ ಸಿಟ್ಟು ಬಂತು. ಅವರ ತಪ್ಪನ್ನು ತೋರಿಸಿ ಬರಬೇಕೆಂದೇ ಮರುದಿನ ಹೊರಟೆ.

*

ಅನಿತಳ ಅತ್ತೆ ಅಕ್ಕಯ್ಯಮ್ಮ ಆ ಊರಿಗೆಲ್ಲ ಹುಳು ಸಾಕುವುದರಲ್ಲಿ ಗುರು. ಮೂವತ್ತು ವರ್ಷದಲ್ಲಿ ಅವರ ಮನೆಯ ಒಂದು ಬೆಳೆಯೂ ಕೆಟ್ಟಿದ್ದಿಲ್ಲವಂತೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯರನ್ನು ಅತ್ತೆಯಂದಿರು ಮೊದಲು ಇವರ ಹುಳುಮನೆಗೆ ಕಳಿಸಿ ಕೆಲಸ ಕಲಿಸುತ್ತಿದ್ದರು. ಬಾಗಿಲಲ್ಲೇ ನನ್ನನ್ನು ತಡೆದರು. ಕೈಕಾಲು ತೊಳೆಸಿದರು, ಸುಣ್ಣದ ಪುಡಿ ತುಳಿಸಿದರು, ಜಡೆಯಲ್ಲಿದ್ದ ಮಲ್ಲಿಗೆ ತೆಗೆಸಿದರು.

“ತಪ್ಪ್ ತಿಳ್ಕೋಬೇಡಿ ಮೇಡಮ್ನೋರೆ. ವಾಸ್ನೆ ಆಗಲ್ಲ ಅವಕ್ಕೆ. ಕಲೆಕ್ಟ್ರು ಬಂದ್ರೂ ಇಷ್ಟೇಯ.”

ಒಳಗೆ ಅನಿತ ಗೋಡೆಗೊರಗಿ ಕೂತಿದ್ದಳು. ಹಿಂದಿನ ಸಂಜೆ ಆಸ್ಪತ್ರೆಯಿಂದ ಕರೆತಂದಿದ್ದರು, ಅಲ್ಲಿ ಕೊಡಲು ಏನೂ ಇರಲಿಲ್ಲ. ಅವಳು ಕೈಮುಗಿಯಲು ಹೋದಳು, ಎರಡು ಅಂಗೈ ಒಂದಕ್ಕೊಂದು ಸೇರಲೇ ಇಲ್ಲ. ನಾನು ಬೇಗ ಕಣ್ಣು ತಿರುಗಿಸಿ ನನ್ನ ತಟ್ಟೆಯನ್ನು ಹುಡುಕಿದೆ.

ಕಾವಲು ತಟ್ಟೆ ಅವರ ಸ್ವಂತ ಹುಳುಗಳ ಪಕ್ಕದಲ್ಲೇ, ಸ್ಟ್ಯಾಂಡಿನ ಮೇಲಿನ ಹಂತದಲ್ಲಿತ್ತು. ಅಂಥ ಚೊಕ್ಕ ತಟ್ಟೆಯನ್ನು ನಾನು ಪ್ರಯೋಗಾಲಯದಲ್ಲೂ ನೋಡಿಲ್ಲ. ಹುಳುಗಳು ಹಾಲಿನಂತೆ ಬೆಳ್ಳಗೆ ತಲೆಯೆತ್ತಿ ಸೊಪ್ಪು ತಿನ್ನುತ್ತಿದ್ದವು. ನೋಡಿದಿರಾ ಡಾಕ್ಟ್ರೇ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಅಕ್ಕಯ್ಯಮ್ಮ ಸೊಪ್ಪು ಹಾಕುತ್ತಾ ಸೊಸೆಯ ಕಥೆ ಹೇಳುತ್ತಿದ್ದರು. “ಎಂಥ ಚುರುಕು ಹುಡ್ಗಿ ಅಂತೀರಿ. ಬೆಳ್ಗಾನೆದ್ದು ತೋಟಕ್ಕೋಗಿ ಹತ್ತ್ ಗಂಟೆಗೆ ವಾಪಸ್ ಬಂದು ನಂಗೆ ಸೊಪ್ಪು ಕತ್ರಿಸ್ಕೊಡೋಳು. ಈಗ ಕೈಯಾಗೆ ಕತ್ತಿ ನಿಲ್ಲಲ್ಲ. ಮಗ ಮುರಳಿ ಟೆಂಪೋ ಬಿಟ್ಟು ಮನೆಯಾಗೇ ಕುಂತವ್ನೆ.” ಹೀಗೆ ಹೇಳುತ್ತಲೇ ಅವರ ಬಲಗೈ ತಟ್ಟೆಯ ಸೊಪ್ಪಿನ ಅಡಿಗೆ ಹೋಯಿತು, ಎರಡು ಬೆರಳಲ್ಲಿ ಏನನ್ನೋ ಎತ್ತಿತು, ಕೆಳಗಿದ್ದ ಸುಣ್ಣದ ನೀರಿನ ಬೋಗುಣಿಗೆ ಹಾಕಿತು. ಮಾತು ಒಂದು ಕ್ಷಣವೂ ನಿಲ್ಲಲಿಲ್ಲ.

ನಾನು ಬಗ್ಗಿ ನೋಡಿದೆ. ಬೋಗುಣಿಯ ತಳದಲ್ಲಿ ಹತ್ತಿಪ್ಪತ್ತು ಹುಳುಗಳು ಬಿದ್ದಿದ್ದವು. ಎಲ್ಲವೂ ನೀಲಿ.

“ಇದೇನು ಅಕ್ಕಯ್ಯಮ್ಮನೋರೆ?” ಬೋಗುಣಿಯನ್ನು ಎತ್ತಿ ಹಿಡಿದು ಕೇಳಿದೆ.

“ಕಾಯ್ಲೆ ಹುಳ ಕಣಮ್ಮ. ಹಳ್ದಿ ತಿರುಗಿದ್ರೆ ಹಾಲುತೊಂಡೆ, ಬೆಳ್ಳಗೆ ಬಿಗಿದ್ರೆ ಸುಣ್ಣಕಟ್ಟು, ಇದ್ಯಾವ್ದೋ ಹೊಸಾದು, ನೀಲಿ. ಬಣ್ಣ ತಿರುಗಿದ್ ಹುಳ ಒಂದ್ ಬಿಟ್ರೆ ತಟ್ಟೆ ತಟ್ಟೇನೇ ಎಕ್ಕುಟ್ಟೋಗ್ತದೆ. ಆರಿಸ್ಬೇಕು.”

“ಯಾವಾಗಿನಿಂದ ಆರಿಸ್ತಿದೀರಿ?”

“ನೀವು ತಟ್ಟೆ ಕೊಟ್ಟಾಗಿಂದ. ನಾನೊಬ್ಳೇ ಅಲ್ಲ, ಊರಾಗೆ ಎಲ್ರೂವೆ. ನಾನೇ ಹೇಳ್ಕೊಟ್ಟಿದೀನಲ್ಲ. ಸರ್ಕಾರದ್ ಹುಳ, ನಮ್ಮ ಹುಳಕ್ಕಿಂತ ಒಂದ್ ಕೈ ಮುಂದಾಗೇ ನೋಡ್ಕೋಬೇಕು ಅಂತ. ಸೋಮಾರ ಫೋಟಾ ತೆಗಿಯೋಕ್ ಮುಂಚೆ ಇನ್ನೊಂದ್ ಕಿತ ಚೊಕ್ಕ ಮಾಡ್ತೀವಿ.” ಅವರ ಮುಖದಲ್ಲಿ ಶಹಭಾಸ್ ಅನ್ನಿಸಿಕೊಳ್ಳುವ ನಿರೀಕ್ಷೆಯಿತ್ತು.

ಇನ್ನೂರು ಹುಳುಗಳಲ್ಲಿ ಫೋಟೋದಲ್ಲಿ ನೂರೈವತ್ತೇ ಇದ್ದದ್ದು ನಮ್ಮ ಕಂಪ್ಯೂಟರಿಗೆ ಕಂಡಿರಲಿಲ್ಲವೇ? ಕಂಡಿತ್ತು. ಇರುವೆ, ಹಲ್ಲಿ, ಇಲಿ ತಿಂದಿರಬೇಕು ಎಂದು ಬಿಟ್ಟುಬಿಡಲು ಹೇಳಿದವಳು ನಾನು. ಒಂದೇ ಒಂದು ಬೆಳಗ್ಗೆ ಯಾವುದಾದರೂ ಹುಳುಮನೆಯಲ್ಲಿ ಕೂತಿದ್ದರೆ ಸಾಕಿತ್ತು. ಕಾಯಿಲೆಯ ಹುಳುವನ್ನು ಆರಿಸಿ ತೆಗೆಯದೆ ಹುಳು ಸಾಕುವವರು ಈ ಭೂಮಿಯ ಮೇಲೆ ಯಾರೂ ಇಲ್ಲವೆಂದು ಹೈಸ್ಕೂಲು ಓದದ ಹೆಂಗಸೂ ನನಗೆ ಹೇಳುತ್ತಿದ್ದಳು.

ನೀಲಿ ಎಂದರೇನು ಎಂಬುದನ್ನು ಅಲ್ಲೇ ನಿಂತು ಹೇಳಿದೆ. ಹೇಳದೆ ಬೇರೆ ದಾರಿ ಇರಲಿಲ್ಲ. ಅಕ್ಕಯ್ಯಮ್ಮ ಸೊಪ್ಪಿನ ಬುಟ್ಟಿಯನ್ನು ಕೆಳಗಿಟ್ಟರು.

“ಅಂಗಾದ್ರೆ ಈ ಹುಡ್ಗೀಗೆ ಸೂಜಿ ಸಿಗ್ದಂಗೆ ಮಾಡಿದ್ದು ನಾನೇನಾ?”

“ನೀವಲ್ಲ, ನಾನು.”

“ಆರ್ಸಿದ್ ಕೈ ಇದೇ ತಾನೇ?” ಎಂದು ಬಲಗೈಯನ್ನು ನನ್ನ ಮುಖಕ್ಕೆ ಹಿಡಿದರು. “ನೀವ್ಯಾಕಮ್ಮ ಬಾಯ್ ಬಿಟ್ ಹೇಳ್ಲಿಲ್ಲ? ನಾವೇನ್ ಮನುಷ್ರಲ್ವಾ, ಕಳ್ರಾ?”

ಅನಿತ ಗೋಡೆಯ ಬಳಿಯಿಂದ “ಅತ್ತೆ... ಬ್... ಬೇಡ” ಅಂದಳು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

*

ನಿರ್ದೇಶಕರಿಗೆ ಕಾರಿನಲ್ಲೇ ಕೂತು ಫೋನು ಮಾಡಿದೆ. ಮುನ್ನೂರ ಹನ್ನೆರಡು ಹಳ್ಳಿಗಳ ಮೂರು ವರ್ಷದ ಅಂಕಿ ಕಸ, ಇವತ್ತೇ ಎಲ್ಲ ಕಪಾಟುಗಳನ್ನು ಡಾಕ್ಟರುಗಳ ವಿವೇಚನೆಗೆ ಬಿಡಿ ಎಂದೆ. ಅವರು ಮೃದುವಾಗಿ ಮಾತಾಡುವ ಮನುಷ್ಯ.

“ವಾರಿಜಾ ಅವರೇ, ಬರವಣಿಗೆಯಲ್ಲಿ ಕೊಡಿ. ಸಮಿತಿ ಮುಂದಿಡೋಣ. ತಜ್ಞರು ಬಂದು ನೋಡಬೇಕು, ಎರಡು ತಿಂಗಳು ಆಗಬಹುದು.”

“ಈ ಹುಡುಗಿಗೆ ಇರೋದು ಐದು ದಿನ ಸರ್.”

“ನಿಯಮ ನೀವೇ ಬರೆದದ್ದಲ್ಲವೇ? ಮೂರು ಸೋಮವಾರ ಇಲ್ಲದೆ ಮನೆಯ ಬಣ್ಣ ಬದಲಾಗುವಂತಿಲ್ಲ ಅಂತ.”

ಹೌದು, ನಾನೇ ಬರೆದದ್ದು. ಎಲ್ಲ ಬಾಗಿಲಿಗೂ ಒಳಗಿನಿಂದ ಬೀಗ ಹಾಕಿ ಕೀಲಿಯನ್ನು ಬಾವಿಗೆ ಎಸೆದವಳು ನಾನೇ. ಉಳಿದದ್ದು ಒಂದು ಕಿಂಡಿ. ಹಳೆಯ ಫೋಟೋಗಳನ್ನು ತಿದ್ದುವ ಅಧಿಕಾರ ನನ್ನ ಹೆಸರಿನಲ್ಲಿತ್ತು. ನಮ್ಮ ಪ್ರಯೋಗಾಲಯದಲ್ಲಿ ಬೇಕೆಂದೇ ವಿಷ ಕೊಟ್ಟು ನೀಲಿ ಮಾಡಿದ ಹುಳುಗಳ ಫೋಟೋಗಳಿದ್ದವು. ಅಂಥ ಮೂರನ್ನು ಆರಿಸಿ ಅಕ್ಕಯ್ಯಮ್ಮನ ಮನೆಯ ಹಿಂದಿನ ಮೂರು ಸೋಮವಾರಗಳ ಜಾಗದಲ್ಲಿ ಇಟ್ಟರೆ ಮನೆ ನೀಲಿಯಾಗುತ್ತದೆ. ಹಾಗೆ ಮಾಡಿದವಳು ಸಿಕ್ಕಿಬೀಳುತ್ತಾಳೆ, ಸಿಕ್ಕಿಬಿದ್ದವಳು ಆಮೇಲೆ ನಿಜ ಹೇಳಿದರೂ ಯಾರೂ ನಂಬುವುದಿಲ್ಲ. ಒಂದು ಕಡೆ ಒಬ್ಬ ಹುಡುಗಿ, ಇನ್ನೊಂದು ಕಡೆ ಮುನ್ನೂರ ಹನ್ನೆರಡು ಹಳ್ಳಿ. ತಕ್ಕಡಿ ಹಿಡಿದು ತೂಗಬೇಕಾದವಳು ನಾನು. ಆದರೆ ಆ ಹುಡುಗಿಯ ಎರಡು ಅಂಗೈ ಸೇರದೆ ಹೋದದ್ದನ್ನು ನಾನು ನೋಡಿಬಿಟ್ಟಿದ್ದೆ, ಉಳಿದವರನ್ನು ನೋಡಿರಲಿಲ್ಲ. ಅಲ್ಲೇ ಲ್ಯಾಪ್‌ಟಾಪ್ ತೆರೆದು ಮೂರೂ ಫೋಟೋ ಬದಲಿಸಿದೆ. ಸರಿಯೋ ತಪ್ಪೋ, ಕಾರಣ ಅಷ್ಟೇ.

ಮಧ್ಯಾಹ್ನ ಮೂರು ಗಂಟೆಗೆ ಇಮ್ತಿಯಾಜ್ ಫೋನು ಮಾಡಿದರು. “ಕಪಾಟು ತೆಗೀತು ಮೇಡಂ.” ಮತ್ತೇನೂ ಕೇಳಲಿಲ್ಲ, ಜಾಣ ಮನುಷ್ಯ.

ಮಾರನೆಯ ಬೆಳಗ್ಗೆ ನನ್ನ ಲಾಗಿನ್ ಬಂದ್ ಆಗಿತ್ತು. ವಿಚಾರಣೆಯ ಪತ್ರ ಬಂತು, ಅಮಾನತಿನ ಪತ್ರ ಬಂತು. ಹುಳು ಆರಿಸುವ ವಿಷಯವಾಗಿ ನಾನು ಬರೆದ ವರದಿಗೆ ಒಂದೇ ಸಾಲಿನ ಉತ್ತರ: ‘ದಾಖಲೆ ತಿರುಚಿದ ಆರೋಪ ಹೊತ್ತವರ ವರದಿಯನ್ನು ವಿಚಾರಣೆ ಮುಗಿಯುವವರೆಗೆ ಪರಿಗಣಿಸಲಾಗದು.’ ಬಂಡಮೀದಪಲ್ಲಿಯ ಹೆಂಗಸರು ಹುಳು ಆರಿಸುವುದನ್ನು ನಿಲ್ಲಿಸಿದರು. ಮುಂದಿನ ಸೋಮವಾರ ಇಡೀ ಊರಿನ ತಟ್ಟೆಗಳು ನೀಲಿಯಾಗಿ ಬಂದವು. ಒಂದೇ ದಿನ ಇಷ್ಟು ನೀಲಿ ಬಂದರೆ ಬಣ್ಣ ಅದ್ದಿದ್ದಾರೆಂದು ತಿಳಿಯಬೇಕು ಅಂತ ಕಂಪ್ಯೂಟರಿಗೆ ಹಿಂದೆ ನಾನೇ ಕಲಿಸಿದ್ದೆ. ಅದು ಗುರುವಿನ ಮಾತು ಮೀರಲಿಲ್ಲ, ಎಲ್ಲ ಫೋಟೋಗಳನ್ನೂ ತಳ್ಳಿಹಾಕಿತು. ಇಡೀ ಊರಿನಲ್ಲಿ ಅಕ್ಕಯ್ಯಮ್ಮನ ಮನೆಯೊಂದೇ ನೀಲಿಯಾಗಿ ಉಳಿಯಿತು. ವಿಚಾರಣೆಗೆ ಸಾಕ್ಷಿಯಾದ ಮನೆಯ ಬಣ್ಣವನ್ನು ಯಾರೂ ಮುಟ್ಟುವಂತಿರಲಿಲ್ಲ.

*

ಹತ್ತು ದಿನ ಮನೆಯಲ್ಲೇ ಬಿದ್ದುಕೊಂಡಿದ್ದು, ಆಮೇಲೆ ಬಸ್ಸು ಹಿಡಿದು ಆ ಊರಿಗೆ ಹೋದೆ.

ಹುಳುಮನೆಯ ಸ್ಟ್ಯಾಂಡುಗಳೆಲ್ಲ ಹೊರಗೆ ಹೊಂಗೆ ಮರದ ಕೆಳಗೆ ಬಿದ್ದಿದ್ದವು. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದ್ದರು. ಬಾಗಿಲಲ್ಲಿ ಸುಣ್ಣದ ಪುಡಿ ಇರಲಿಲ್ಲ, ನನ್ನ ಕೈಕಾಲು ಯಾರೂ ತೊಳೆಸಲಿಲ್ಲ. ಒಳಗೆ ಚಾಪೆ ಹಾಸಿ ಜನ ಮಲಗಿದ್ದರು. ಎದುರು ಮನೆಯ ಗಂಡಹೆಂಡತಿ, ಅಂಗನವಾಡಿ ಟೀಚರ್, ಔಷಧಿ ಹೊಡೆಯುವ ಕೂಲಿಯ ಇಬ್ಬರು ಗಂಡಸರು, ನನಗೆ ಗೊತ್ತಿಲ್ಲದ ಇನ್ನೂ ಕೆಲವರು. ಎಲ್ಲರ ಕೈಗಳೂ ಹೊದಿಕೆಯ ಮೇಲೆ ಸಣ್ಣಗೆ ಅಲ್ಲಾಡುತ್ತಿದ್ದವು.

ಅನಿತ ಎದ್ದು ಬಂದಳು. ಮಾತು ತಿಳಿಯಾಗಿತ್ತು. “ಬನ್ನಿ ಮೇಡಂ. ಇವ್ರೆಲ್ಲ ಈಗ ನಮ್ ಮನೆಯೋರೇ. ಪಂಚಾಯ್ತಿಯಾಗೆ ಬರ್ಸಿದೀವಿ, ನೀಲಿ ಮನೆಯೋರಾದ್ರೆ ಸೂಜಿ ಸಿಗ್ತದಲ್ಲ. ಒಂದ್ ಒಲೆಯಾಗೆ ಉಂಡ್ರೆ ಒಂದ್ ಮನೆ ಅಂತ ಕಾನೂನು ಐತಂತೆ. ಮಧ್ಯಾಹ್ನ ಹೆಲ್ತ್ ಇನ್‌ಸ್ಪೆಕ್ಟ್ರು ಬಂದು ಊಟ ಮಾಡೋದ್ ನೋಡ್ಕೊಂಡೋಗ್ತಾರೆ. ಅದಕ್ಕೇ ಎಲ್ರೂ ಇಲ್ಲೇ ಅವ್ರೆ. ಅತ್ತೆ ನಾಲ್ಕನೇ ಜ್ವರ ಎದ್ದಿದ್ ಹುಳಾನೆಲ್ಲ ತಂಗಿ ಮನೆಗೆ ಕೊಟ್ಬುಟ್ರು.”

ಅಂದರೆ ನಾಲ್ಕನೇ ಸಲ ಪೊರೆ ಕಳಚಿದ, ಗೂಡು ಕಟ್ಟಲು ವಾರವಷ್ಟೇ ಇದ್ದ ಹುಳುಗಳು. ಸಾಕುವವರು ಹೆತ್ತ ಮಕ್ಕಳನ್ನು ಕೊಟ್ಟಾರು, ಆ ಹಂತದ ಹುಳು ಕೊಡುವುದಿಲ್ಲ.

ಇನ್‌ಸ್ಪೆಕ್ಟರಿಗಾಗಿ ಬಾಗಿಲಿಗೆ ಅಂಟಿಸಿದ್ದ ಪಟ್ಟಿಯನ್ನು ಓದಿದೆ. ಹನ್ನೆರಡು ಹೆಸರು. ನಮ್ಮ ಕಂಪ್ಯೂಟರಿನಲ್ಲಿ ಹೆಸರು ಬರೆಯಲು ಒಂದು ಮನೆಗೆ ಹನ್ನೆರಡು ಸಾಲು ಸಾಕೆಂದು ನಿರ್ಧರಿಸಿದ್ದೂ ನಾನೇ, ಅದಕ್ಕಿಂತ ದೊಡ್ಡ ಸಂಸಾರ ಈಗ ಎಲ್ಲಿದೆ ಎಂದುಕೊಂಡಿದ್ದೆ. ಮೊದಲ ಹೆಸರು ಅನಿತಳದು, ಮನೆಯ ಯಜಮಾನಿ ಎಂದು. ಉಳಿದ ಹನ್ನೊಂದೂ ಹೊರಗಿನವರವು. ಮುರಳಿಯ ಹೆಸರು ಇರಲಿಲ್ಲ, ಅಕ್ಕಯ್ಯಮ್ಮನದೂ ಇರಲಿಲ್ಲ.

ಅಕ್ಕಯ್ಯಮ್ಮ ಕಾಫಿ ತಂದರು. ಲೋಟ ಬಟ್ಟಲಿಗೆ ತಾಗಿ ಟಿಣಿಟಿಣಿ ಎನ್ನುತ್ತಿತ್ತು. ಅರ್ಧ ಕಾಫಿ ಬಟ್ಟಲಲ್ಲೇ ಇತ್ತು.

“ಇದು ಯಾವಾಗಿನಿಂದ?”

“ಬೋ ದಿನ ಆಯ್ತು ಅನ್ಸುತ್ತೆ. ನಾನ್ ನೋಡ್ಕೊಂಡಿರ್ಲಿಲ್ಲ.”

“ನಿಮ್ಮ ಹೆಸರೇಕೆ ತೆಗೆಸಿದಿರಿ? ಅನಿತಗೆ ವಾಸಿಯಾಯಿತಲ್ಲ, ಅವಳ ಹೆಸರು ತೆಗೆದು...”

ಹೇಳುತ್ತಿದ್ದಂತೆ ನಾಲಗೆ ಕಚ್ಚಿಕೊಂಡೆ. ಇಂಜೆಕ್ಷನ್ ತೆಗೆದುಕೊಂಡವರ ಹೆಸರನ್ನು ಆರು ತಿಂಗಳು ಅಳಿಸಲಾಗದು. ಆ ನಿಯಮ ಯಾರದೆಂದು ಹೇಳಬೇಕಾಗಿಲ್ಲ. ಎಲ್ಲಿ ತಡವಿದರೂ ಗೋಡೆ, ಎಲ್ಲ ಗೋಡೆಯ ಮೇಲೂ ನನ್ನ ಸಹಿ.

“ಟೀಚರಮ್ಮಂಗೆ ಮೂರ್ ತಿಂಗ್ಳು ಮಗು ಐತೆ,” ಅಂದರು ಅಕ್ಕಯ್ಯಮ್ಮ. “ಒಂದ್ ಸಾಲು ಕಮ್ಮಿ ಬಿತ್ತು. ಈ ಊರೋರಿಗೆಲ್ಲ ಆರ್ಸೋದು ಕಲ್ಸಿದ್ ಬಾಯಿ ಇದು. ನಾನು ಮೊದ್ಲು ಸೂಜಿ ಚುಚ್ಚಿಸ್ಕೊಂಡ್ರೆ ಹೆಂಗಮ್ಮ? ಕಾಫಿ ಆರೋಗ್ತದೆ, ಕುಡೀರಿ.”

ವಿಚಾರಣೆ ಮುಗಿಯಲು ಎಷ್ಟು ದಿನ ಬೇಕೆಂದು ನನಗೆ ಗೊತ್ತಿತ್ತು. ಅವರ ಕೈ ನೋಡಿದರೆ ಎಷ್ಟು ದಿನ ಉಳಿದಿದೆ ಎಂಬುದೂ ಗೊತ್ತಾಗುತ್ತಿತ್ತು. ಕಾಫಿ ಕುಡಿದೆ.

ಆ ಹೊತ್ತಿಗೆ ಅಂಗಳದಲ್ಲಿ ಒಂದು ಆಟೋ ನಿಂತಿತು. ಬೇರೆ ಯಾವುದೋ ಹಳ್ಳಿಯ ಹೆಂಗಸು ಕೆಳಗಿಳಿದಳು. ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಳ್ಳಲು ನೋಡಿದಳು, ಬೆರಳಿಗೆ ಸೆರಗು ಸಿಗಲಿಲ್ಲ.

“ನೀಲಿ ಮನೆ ಅಂತಾರಲ್ಲ, ಅದು ಇದೇನಾ ಅಕ್ಕಾ?”

ಅಕ್ಕಯ್ಯಮ್ಮ ನನ್ನ ಮುಖ ನೋಡಿದರು. ಪಟ್ಟಿಯಲ್ಲಿ ತೆಗೆಯಲು ಇನ್ನೊಂದು ಹೆಸರಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

“ಇದೇ ಕಣಮ್ಮ,” ಅಂದರು. “ಒಳಕ್ ಬಾ. ಮೊದ್ಲು ಉಣ್ಣು.”

ನಾನು ಎದ್ದು ಹೋಗಿ ಅವಳಿಗೊಂದು ಎಲೆ ಹಾಕಿದೆ.